ಮನೆಯಲ್ಲಿ ಕುಳಿತು ನೀಟ್ ಓದು: ನೈದಾನಿಕ ಪರೀಕ್ಷೆಯ ಒಂದು ಅನುಭವ

ಬೋಧನಾಭ್ಯಾಸದ ವೀಕ್ಷಣೆಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಹೋದಾಗ ಪಾಲಕರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಧಾರವಾಡಕ್ಕ, ಬೆಳಗಾವಿಗೆ ಕೋಚಿಂಗಿಗೆ ಕಳಸಾಕ ಆಗೂದಿಲ್ರಿ ಸರ್. ಮನ್ಯಾಗ ಕುಂತು ಓದಿದ್ರ ನೀಟ್ ಆಗತೈತೇನ್ರಿ?"

ಆಗುತ್ತದೆ ಎಂದು ಸಲೀಸಾಗಿ ಹೇಳಿಬಿಡುತ್ತಿದ್ದೆ. ರಾಮದುರ್ಗದ ಕಡೆಯ ನೇಕಾರರ ಮನೆಯ ಹುಡುಗಿಯೊಬ್ಬಳು ಆ ಉತ್ತರವನ್ನು ತಿದ್ದಿದಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಪಿಯುಸಿ ವಿಜ್ಞಾನ ಇಂಗ್ಲಿಷಿನಲ್ಲಿ. ಮೊದಲ ಸಲ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಇನ್ನೊಂದು ವರ್ಷ ಮನೆಯಲ್ಲೇ ಓದಲು ಅಪ್ಪ ಒಪ್ಪಿದ್ದರು. ಅದರ ಮುಂದಿನ ವರ್ಷದ ಮಾತು ಇರಲಿಲ್ಲ. ಎನ್‌ಸಿಇಆರ್‌ಟಿ ಪುಸ್ತಕ ಮತ್ತೊಮ್ಮೆ ಓದು ಎಂದೆ. "ಮೂರ್ ಸಲ ಓದೇನ್ರಿ ಸರ್. ಓದುವಾಗ ಎಲ್ಲಾ ಗೊತ್ತೈತಿ ಅನಸ್ತೈತ್ರಿ" ಎಂದಳು.

ತೊಡಕು ಇರುವುದು ಆ 'ಅನಸ್ತೈತಿ'ಯಲ್ಲೇ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ತಿಳಿದಿರಬೇಕು. ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿದ್ದನ್ನು ನೆನಪಿನಿಂದ ಬರೆದು ನೋಡಿದವರು ಒಂದು ವಾರದ ನಂತರ ಅವರನ್ನು ಹಿಂದೆ ಹಾಕಿದ್ದರು. ಆದ್ದರಿಂದ ಪುಸ್ತಕ ಮುಚ್ಚಿ ಬರೆಯುವುದು ಮೊದಲ ನಿಯಮವಾಯಿತು.

ಬಳಿಕ ಅವಳ ಒಂದು ಅಣಕು ಪರೀಕ್ಷೆಯ ಜೀವಶಾಸ್ತ್ರದ ಭಾಗವನ್ನು ಎದುರಿಗಿಟ್ಟುಕೊಂಡು ಕುಳಿತೆವು. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಅರ್ಧ, ಅಂದರೆ 90 ಪ್ರಶ್ನೆ ಜೀವಶಾಸ್ತ್ರದವು. ಸರಿಗೆ 4 ಅಂಕ, ತಪ್ಪಿಗೆ 1 ಕಡಿತ. ಅವಳದು 23 ತಪ್ಪು. ಒಂದೊಂದನ್ನೂ "ಯಾಕ ಹಿಂಗ ಗುರುತು ಹಾಕಿದಿ, ತಂಗಿ?" ಎಂದು ಕೇಳುತ್ತ ಹೋದೆ. ನಿಜಕ್ಕೂ ಗೊತ್ತಿಲ್ಲದವು 9. 'ಇನ್‌ಕರೆಕ್ಟ್' ಎಂಬ ಪದ ಕಣ್ಣಿಗೆ ಬೀಳದೆ, ಇಲ್ಲವೆ ಹೇಳಿಕೆ ಮತ್ತು ಕಾರಣದ ಸಂಬಂಧ ನೋಡದೆ ತಪ್ಪಿದ್ದವು 8. ಉಳಿದ 6 ನನ್ನನ್ನು ಕಾಡಿದವು. 'ಅಫೆರೆಂಟ್', 'ಎಫೆರೆಂಟ್' ನರಗಳನ್ನು ಅದಲುಬದಲು ಮಾಡಿದ್ದಳು. ಕನ್ನಡದಲ್ಲಿ ಕೇಳಿದರೆ ಜ್ಞಾನವಾಹಿ ನರ ಮಿದುಳಿನತ್ತ ಸಂದೇಶ ತರುತ್ತದೆ, ಕ್ರಿಯಾವಾಹಿ ನರ ಅಲ್ಲಿಂದ ಸ್ನಾಯುವಿಗೆ ಒಯ್ಯುತ್ತದೆ ಎಂದು ತಡವರಿಸದೆ ಹೇಳಿದಳು.

ತಪ್ಪು ಉತ್ತರವೊಂದು ಸರಿಯಾದರೆ ಕೂಡುವುದು ನಾಲ್ಕಲ್ಲ, ಐದು ಅಂಕ. ಗೊತ್ತಿದ್ದೂ ತಪ್ಪಿದ 14 ಪ್ರಶ್ನೆಗಳಲ್ಲಿ 70 ಅಂಕ ಹೋಗಿದ್ದವು. (ಕಣ್ಣುಮುಚ್ಚಿ ಗುರುತು ಹಾಕಿದ್ದರಿಂದಲೇ ಮಕ್ಕಳು ಕೆಡುತ್ತಾರೆ ಎನ್ನುವವರು ಲೆಕ್ಕ ಹಾಕಿ ನೋಡಲಿ: ನಾಲ್ಕು ಆಯ್ಕೆಯ 16 ಪ್ರಶ್ನೆಗೆ ಹಾಗೆ ಗುರುತು ಹಾಕಿದರೆ ಸರಾಸರಿ 4 ಸರಿ, 12 ತಪ್ಪು, ಆಗಲೂ 4 ಅಂಕ ಉಳಿಯುತ್ತದೆ. ಪೆಟ್ಟು ಬೀಳುವುದು 'ಇದು ಗೊತ್ತು' ಎಂಬ ತಪ್ಪುಗಳಿಂದ.)

ಬಿ.ಇಡಿ. ತರಗತಿಯಲ್ಲಿ ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ ಎಂದು ನಾವು ದಾಖಲೆ ಪುಸ್ತಕ ತುಂಬಿಸುತ್ತೇವಲ್ಲ, ಅದನ್ನೇ ಅವಳು ತನಗೆ ತಾನೇ ಮಾಡಿಕೊಳ್ಳತೊಡಗಿದಳು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ತಪ್ಪಿನ ಎದುರು ಕಾರಣ. ಹಿಂದಿನ ಪುಟಗಳಲ್ಲಿ ಕನ್ನಡ ಪದದ ಪಕ್ಕ ಇಂಗ್ಲಿಷ್ ಪದ. ಪರೀಕ್ಷೆ ಮಧ್ಯಾಹ್ನ 2ಕ್ಕೆ ಶುರುವಾಗುವುದರಿಂದ ಅಣಕು ಪರೀಕ್ಷೆಯೂ 2ರಿಂದ 5ರವರೆಗೆ, ಮಗ್ಗದ ಸದ್ದಿನಲ್ಲೇ. ಭೌತಶಾಸ್ತ್ರ ಮಾತ್ರ ಒಬ್ಬಳಿಂದ ಸಾಗಲಿಲ್ಲ, ನನಗೂ ಅದು ಬಾರದು. ಸವದತ್ತಿಯ ಉಪನ್ಯಾಸಕ ಗೆಳೆಯರೊಬ್ಬರು ಭಾನುವಾರ ಒಂದು ತಾಸು ಫೋನಿನಲ್ಲಿ ಲೆಕ್ಕ ಬಿಡಿಸಿಕೊಡುತ್ತಾರೆ. ಸ್ವಂತ ಓದು ಎಂದರೆ ಯಾರನ್ನೂ ಕೇಳಬಾರದು ಎಂದಲ್ಲ.

2017ರಿಂದ ನೀಟ್ ಕನ್ನಡದಲ್ಲೂ ಇದೆ. ಆದರೆ ಎರಡು ವರ್ಷ ಇಂಗ್ಲಿಷ್ ಪಠ್ಯ ಓದಿದವರು ಅದನ್ನು ಆಯ್ದುಕೊಳ್ಳುವುದು ಕಡಿಮೆ; ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪಾಠವೇ ಅಂತಿಮ. ಹಾಗಾಗಿ ಆ ಆರು ತಪ್ಪುಗಳ ಬೇರು ಪಿಯುಸಿಯಲ್ಲಿಲ್ಲ, ನಾವು ಅಭ್ಯಾಸ ಪಾಠ ಕೊಡಿಸುವ ಎಂಟು, ಒಂಬತ್ತನೇ ತರಗತಿಗಳಲ್ಲಿದೆ.

ಕೆಲವು ವರ್ಷಗಳ ಹಿಂದೆ ಕಿತ್ತೂರಿನ ಒಂದು ಪಾಠದಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು 'ಬಾಷ್ಪವಿಸರ್ಜನೆ' ಎಂದು ಬರೆದು, ಕೆಳಗೆ ಸಣ್ಣಗೆ 'ಟ್ರಾನ್ಸ್‌ಪಿರೇಷನ್' ಎಂದೂ ಬರೆದರು. ವೀಕ್ಷಣಾ ಪುಸ್ತಕದಲ್ಲಿ ನಾನು 'ಮಾಧ್ಯಮ ಬೆರಕೆ' ಎಂದು ಷರಾ ಬರೆದು, ಕಪ್ಪುಹಲಗೆ ಬಳಕೆಯ ಒಂದು ಅಂಕ ಕಡಿದಿದ್ದೆ. ಈ ವರ್ಷದಿಂದ ಪಾಠಯೋಜನೆಯ ಕಪ್ಪುಹಲಗೆ ಕಾರ್ಯದ ಕಾಲಂನಲ್ಲಿ ಎರಡೂ ಪದ ಬರೆಯಲು ನಾನೇ ಹೇಳುತ್ತಿದ್ದೇನೆ.