ಸರಕಿಗೆ ಗಡಿಯಾರ ಇದೆ, ಚಾಲಕನಿಗೆ ಇಲ್ಲ: ತಲಪಾಡಿ ದಾಟುವ ಲಾರಿಗೆ ಯಾವ ನಿಯಮ?

ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಖಾದ್ಯ ತೈಲ ತುಂಬಿಕೊಂಡ ಲಾರಿಯೊಂದು ರಾತ್ರಿ ಕೊಚ್ಚಿಗೆ ಹೊರಟಿದೆ ಅಂತಿಟ್ಟುಕೊಳ್ಳಿ. ಅದು ತಲಪಾಡಿ ಟೋಲ್ ದಾಟಿದ ಹೊತ್ತು ಫಾಸ್ಟ್ಯಾಗ್‌ನಲ್ಲಿ ದಾಖಲಾಗುತ್ತದೆ. ಸರಕು ಎಷ್ಟು ದಿನದೊಳಗೆ ತಲುಪಬೇಕು ಅಂತ ಇ-ವೇ ಬಿಲ್ ಹೇಳುತ್ತದೆ. ಆದರೆ ಸ್ಟೇರಿಂಗ್ ಹಿಡಿದವನು ಕೊನೆಯ ಸಲ ನಿದ್ದೆ ಮಾಡಿದ್ದು ಯಾವಾಗ? ಅದನ್ನು ಹೇಳುವ ಕಾಗದ ಸಾಮಾನ್ಯವಾಗಿ ಲಾರಿಯಲ್ಲಿ ಇರುವುದೇ ಇಲ್ಲ.

ಹಾಗಾದರೆ ಕಾನೂನೇ ಇಲ್ಲವೇ?

ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಮಿತಿ ಹಾಕಿತ್ತು. ದೂರದ ರೂಟ್ ಆದರೆ ದಿನಕ್ಕೆ 10, ವಾರಕ್ಕೆ 54. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದರೂ ವಿಶ್ರಾಂತಿ. 1988ರ ಮೋಟಾರು ವಾಹನ ಕಾಯ್ದೆಯ 91ನೇ ಸೆಕ್ಷನ್ ಕೂಡ ಚಾಲಕರ ಕೆಲಸದ ಹೊತ್ತಿಗೆ ಇದನ್ನೇ ಆಧಾರ ಮಾಡಿಕೊಂಡಿತು.

ತೊಡಕು ಇರುವುದು ವ್ಯಾಪ್ತಿಯಲ್ಲಿ. 1961ರ ಕಾಯ್ದೆ ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಆ ಸಂಖ್ಯೆ ಹತ್ತಕ್ಕೆ ಏರಿದೆ. ಒಂದೆರಡು ಲಾರಿ ಇಟ್ಟುಕೊಂಡ ಮಾಲೀಕನ ಚಾಲಕ ಆಗಲೂ ಹೊರಗಿದ್ದ. ಈಗ ಇನ್ನಷ್ಟು ಮಂದಿ ಅವನ ಜೊತೆ ಸೇರಿದ್ದಾರೆ.

ಗಡಿ ದಾಟಿದರೆ?

ಕೆಲಸದ ಹೊತ್ತನ್ನು ಮೊದಲೇ ನಿಗದಿ ಮಾಡಿ ಬರೆದಿಡುವಂತೆ ಮಾಲೀಕರಿಗೆ ರಾಜ್ಯ ಸರ್ಕಾರ ಹೇಳಬಹುದು ಅನ್ನುತ್ತದೆ 91ನೇ ಸೆಕ್ಷನ್. ಗಮನಿಸಿ, ಹೇಳ'ಬಹುದು', ಹೇಳಲೇಬೇಕು ಅಂತಿಲ್ಲ. ಲಾರಿ ಪಕ್ಕದಲ್ಲೇ ಕಾಯುತ್ತಾ ಕೂತ ಹೊತ್ತು ಯಾವಾಗ ವಿಶ್ರಾಂತಿ ಅನ್ನಿಸಿಕೊಳ್ಳುತ್ತದೆ ಅನ್ನುವುದನ್ನೂ ರಾಜ್ಯವೇ ತೀರ್ಮಾನಿಸಬಹುದು. ಹಾಗಾಗಿ ಬಂದರಿನ ಗೇಟಿನಲ್ಲಿ ಕಾದ ನಾಲ್ಕು ಗಂಟೆಗೆ ಕರ್ನಾಟಕ ಒಂದು ಲೆಕ್ಕ, ಕೇರಳ ಇನ್ನೊಂದು ಲೆಕ್ಕ ಇಟ್ಟರೂ ಕಾನೂನಿನ ಅಡ್ಡಿಯಿಲ್ಲ. ಚಾಲಕನ ದಣಿವು ಮಾತ್ರ ತಲಪಾಡಿಯಲ್ಲಿ ಬದಲಾಗುವುದಿಲ್ಲ.

ಬೇರೆ ಕಡೆಯೂ ನಿಯಮಗಳು ಒಂದೇ ಥರ ಇಲ್ಲ. ಕೆನಡಾದ ಬಹುಭಾಗದಲ್ಲಿ ದಿನಕ್ಕೆ 13 ಗಂಟೆ ಲಾರಿ ಓಡಿಸಬಹುದು, ಗಡಿ ದಾಟಿ ಅಮೆರಿಕಕ್ಕೆ ಬಂದರೆ 11 ಗಂಟೆ ಮಾತ್ರ. ಆದರೆ ಎರಡೂ ಕಡೆ ಲಾಗ್‌ಬುಕ್ ಇದೆ, ಅಧಿಕಾರಿ ತೆರೆದು ನೋಡಬಹುದು. ನಮ್ಮಲ್ಲಿ ಹೋಲಿಸಿ ನೋಡುವುದಕ್ಕೂ ದಾಖಲೆ ಬೇಕಲ್ಲ?

ಸಡಿಲವಾಗಿದ್ದು ಯಾರಿಗೆ?

ನ್ಯಾಷನಲ್ ಪರ್ಮಿಟ್ ಇರುವ ಹೆವಿ ಲಾರಿಯಲ್ಲಿ ಇಬ್ಬರು ಚಾಲಕರು ಇರಬೇಕು ಅನ್ನುವ ನಿಯಮವಿತ್ತು. 2018ರಲ್ಲಿ ಅದನ್ನು ಕೈಬಿಟ್ಟರು. ಇ-ವೇ ಬಿಲ್‌ನಲ್ಲಿ ಮೊದಲು ಪ್ರತಿ 100 ಕಿ.ಮೀ.ಗೆ ಒಂದು ದಿನ ಸಿಗುತ್ತಿತ್ತು, 2021ರ ಜನವರಿಯಿಂದ 200 ಕಿ.ಮೀ.ಗೆ ಒಂದು ದಿನ. ಕ್ಯಾಬಿನ್‌ನಲ್ಲಿ ಒಬ್ಬ ಕಡಿಮೆಯಾದ, ಸರಕಿನ ಗಡುವು ಬಿಗಿಯಾಯಿತು. 2025ರ ಅಕ್ಟೋಬರ್‌ನಿಂದ ಹೊಸ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯವಾಗಿದೆ. ಒಳ್ಳೆಯದೇ, ಆದರೆ ಎ.ಸಿ. ನಿದ್ದೆಗೆ ಬದಲಿಯಲ್ಲ.

2012ರ ಆಗಸ್ಟ್‌ನಲ್ಲಿ ಮಂಗಳೂರಿನಿಂದ ಹೋಗಿದ್ದ ಎಲ್‌ಪಿಜಿ ಟ್ಯಾಂಕರ್ ಕಣ್ಣೂರಿನ ಚಾಲಾದಲ್ಲಿ ಮಗುಚಿ ಬೆಂಕಿ ಹತ್ತಿತು, 20 ಜನ ಸತ್ತರು. ಅದಕ್ಕೆ ನಿದ್ದೆಗೇಡೇ ಕಾರಣ ಅಂತ ಹೇಳುತ್ತಿಲ್ಲ. ಆದರೆ ಅಂಥ ಲಾರಿ ಓಡಿಸುವವನ ದಣಿವು ಅವನೊಬ್ಬನ ಪಾಡಲ್ಲ, ರಸ್ತೆ ಬದಿಯ ಮನೆಗಳದ್ದೂ ಹೌದು.

ಏನು ಮಾಡಬಹುದು?

ಲಾರಿ ಎಲ್ಲಿ, ಎಷ್ಟು ಹೊತ್ತಿಗೆ ಇತ್ತು ಅನ್ನುವ ಮಾಹಿತಿ ಫಾಸ್ಟ್ಯಾಗ್‌ನಲ್ಲಿ ಈಗಲೇ ಸಿಗುತ್ತದೆ. ಅದಕ್ಕೆ ಚಾಲಕನ ಹೆಸರನ್ನೂ ಜೋಡಿಸಿದರೆ ಎರಡೂ ರಾಜ್ಯ ಒಪ್ಪುವ ಲಾಗ್‌ಬುಕ್ಕಿಗೆ ಅರ್ಧ ದಾರಿ ಸವೆದಂತೆ. ಉಳಿದರ್ಧ ಸಂಬಳದ್ದು. ಟ್ರಿಪ್ ಲೆಕ್ಕದಲ್ಲಿ ಬಾಟಾ ಪಡೆಯುವವನಿಗೆ ನಿಲ್ಲಿಸಿ ಮಲಗುವುದೆಂದರೆ ನಷ್ಟ. ಕಾದ ಗಂಟೆಗೂ ದುಡ್ಡು ಸಿಗಬೇಕು, ಮಿತಿ ಮೀರಿದರೆ ದಂಡ ಮಾಲೀಕನಿಗೆ ಬೀಳಬೇಕು. ಇಲ್ಲದಿದ್ದರೆ ಲಾಗ್‌ಬುಕ್ ಅನ್ನುವುದು ಚಾಲಕನನ್ನು ತಡೆದು ನಿಲ್ಲಿಸಿ ಕೇಳುವ ಮತ್ತೊಂದು ಕಾಗದ ಆಗುತ್ತದೆ, ಅಷ್ಟೆ.