ಮುಂಗಡ ಹಣದ ಮೀಟರೂ ಒಂದು ಅಪವಾದವೂ

ಲೆಕ್ಕದಲ್ಲಿ ತಪ್ಪು ಬಂದರೆ ನಷ್ಟವಾಗುವುದು ಹಣ ಮಾತ್ರವೆಂದು ನಾವು ಸಾಮಾನ್ಯವಾಗಿ ಭಾವಿಸುವೆವು. ಆದರೆ ಕೆಲವೊಮ್ಮೆ ಹಣದೊಡನೆ ಒಬ್ಬರ ಮಾನವೂ ಹೋಗುವುದುಂಟು. ಬಹುಕಾಲ ಮಕ್ಕಳಿಗೆ ಸಂಸ್ಕೃತವನ್ನೂ ಲೆಕ್ಕವನ್ನೂ ಹೇಳಿಕೊಟ್ಟ ನಾನು ಈ ಪಾಠವನ್ನು ನಿವೃತ್ತನಾದ ಮೇಲೆ ಮಗಳ ಮನೆಯಲ್ಲಿ ಕಲಿತೆನು. ಗೃಹಸ್ಥರಾದ ವಾಚಕರಿಗೆ ಪ್ರಯೋಜನವಾದೀತೆಂದು ಆ ಸಂಗತಿಯನ್ನು ಇಲ್ಲಿ ನಿವೇದಿಸುತ್ತೇನೆ.

ನನ್ನ ಮಗಳ ಸಂಸಾರವು ದಿಲ್ಲಿಯ ನೆರೆಯ ನೋಯ್ಡಾ ನಗರದಲ್ಲಿ, ಹಲವು ಅಂತಸ್ತುಗಳ ವಸತಿ ಸಮುಚ್ಚಯವೊಂದರಲ್ಲಿದೆ. ಅಂಥ ಅನೇಕ ಸಮುಚ್ಚಯಗಳಲ್ಲಿ ತಿಂಗಳ ಕೊನೆಗೆ ವಿದ್ಯುತ್ತಿನ ಬಿಲ್ಲು ಬರುವ ಪದ್ಧತಿಯಿಲ್ಲ. ಮೊದಲು ಹಣ ತುಂಬಬೇಕು. ಮೀಟರು ಅದರಿಂದ ದಿನದಿನವೂ ಕಳೆಯುತ್ತ ಹೋಗುವುದು. ಹಣ ತೀರಿದರೆ ದೀಪ ಆರುವುದು. ಆ ಒಂದೇ ಮೀಟರಿನೊಳಗೆ ಎರಡು ಖಾತೆಗಳಿರುವುವು. ಊರಿನ ತಂತಿಯಿಂದ ಬಂದ ವಿದ್ಯುತ್ತಿಗೆ ಒಂದು; ಅದು ನಿಂತಾಗ ಸಮುಚ್ಚಯದ ಡೀಸೆಲ್ ಜನರೇಟರಿನಿಂದ ಬಂದುದಕ್ಕೆ ಮತ್ತೊಂದು. ಎರಡನೆಯದರ ದರ ಬಹಳ ಹೆಚ್ಚು. ಮಗಳ ಮನೆಯಲ್ಲಿ ಅವು ಯೂನಿಟ್ಟಿಗೆ 7 ಮತ್ತು 24 ರೂಪಾಯಿ. ಇವಲ್ಲದೆ ನಿಗದಿ ಶುಲ್ಕ, ನಿರ್ವಹಣದ ಶುಲ್ಕ ಎಂದು ದಿನಕ್ಕೆ 60 ರೂಪಾಯಿ, ಮನೆಗೆ ಬೀಗ ಹಾಕಿದ್ದರೂ ಸರಿಯೆ, ಕಳೆದುಹೋಗುವುದು.

ಒಂದು ಬೇಸಗೆಯಲ್ಲಿ ಅವರೆಲ್ಲರೂ 36 ದಿನ ನಮ್ಮೂರಿಗೆ ಬಂದಿದ್ದರು. ಮನೆಯ ಬೀಗದಕೈ ಕೆಲಸದ ಹೆಂಗಸಿನ ಬಳಿಯಿತ್ತು. ದಿನವೂ ಬಂದು ತುಳಸಿಗೂ ಹೂವಿನ ಕುಂಡಗಳಿಗೂ ನೀರೆರೆದು ಹೋಗಬೇಕೆಂದು ಏರ್ಪಾಡು. ಫ್ರಿಜ್ಜು ಮಾತ್ರ ನಡೆಯುತ್ತಿತ್ತು. ಹೊರಡುವಾಗ ಮೀಟರಿನಲ್ಲಿ 3,200 ರೂಪಾಯಿ ಇದ್ದಿತು. ಹಿಂದಿರುಗುವ ಹೊತ್ತಿಗೆ ಸುಮಾರು ಆರುನೂರು ಉಳಿದಿರಬೇಕೆಂದು ಅಳಿಯನು ಅಂದಾಜು ಮಾಡಿದ್ದನು. ಮರಳುವಾಗ ನಾನೂ ಅವರೊಡನೆ ಹೋದೆನು. ರಾತ್ರಿ ಹನ್ನೊಂದಕ್ಕೆ ಬಾಗಿಲು ತೆರೆದರೆ ಒಳಗೆಲ್ಲ ಕತ್ತಲೆ. ಮೀಟರಿನ ಮುಖದಲ್ಲಿ 285 ರೂಪಾಯಿ ಸಾಲ! ಸಾಲಕ್ಕೆ 250ರ ಮಿತಿಯಿದ್ದು, ಅದು ಮೀರಿತೆಂದು ಅಂದೇ ಸಂಪರ್ಕವು ಕಡಿದುಹೋಗಿತ್ತು. ಫೋನಿನಿಂದ ಹಣ ತುಂಬಿ ದೀಪ ಬರುವವರೆಗೆ ಮಗುವು ಸೆಕೆಯಿಂದ ಅಳುತ್ತಲೇ ಇದ್ದಿತು.

“ಇಷ್ಟು ಹಣ ಸುಮ್ಮನೆ ಹೋಗುತ್ತದೆಯೆ? ಅವಳು ರಾತ್ರಿಯೆಲ್ಲ ಏಸಿ ಹಾಕಿಕೊಂಡು ಇಲ್ಲೇ ಮಲಗಿರಬೇಕು” ಎಂದಳು ಮಗಳು. ಬೆಳಗ್ಗೆ ಆ ಹೆಂಗಸು ಬಂದಾಗ ಕೇಳಿಯೂ ಕೇಳಿದಳು. ಆಕೆಯು, “ದೀಪವನ್ನು ಕೂಡ ಹಾಕಲಿಲ್ಲ” ಎಂದಷ್ಟೆ ಹೇಳಿ ಬೀಗದಕೈಯನ್ನು ಮೇಜಿನ ಮೇಲಿಟ್ಟು ನಿಂತಳು. ಆರು ವರ್ಷದಿಂದ ಆ ಮನೆಯಲ್ಲಿ ದುಡಿದವಳು, ಮಗುವನ್ನು ಎತ್ತಿ ಆಡಿಸಿದವಳು. ಹಣವನ್ನು ಸಂಬಳದಲ್ಲಿ ಹಿಡಿಯಬೇಕೆಂಬವರೆಗೆ ಮಾತು ಹೋಯಿತು. ನಾನು ಎರಡು ದಿನದ ಅವಕಾಶ ಬೇಡಿದೆನು.

ದೇವದತ್ತನು ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ. ಆದುದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಮೀಮಾಂಸಕರ ಅರ್ಥಾಪತ್ತಿಗೆ ಪ್ರಸಿದ್ಧವಾದ ಉದಾಹರಣೆ. ನನ್ನ ಮಗಳ ತರ್ಕವೂ ಅದೇ ಜಾಡಿನದು. ಆದರೆ ದೇವದತ್ತನು ನಿಜವಾಗಿ ದಪ್ಪಗಿರುವನೆ ಎಂಬುದನ್ನು ಯಾರೂ ನೋಡಿರಲಿಲ್ಲ. ಹಣ ಹೋಯಿತು, ಸರಿ, ವಿದ್ಯುತ್ತು ಹೋಯಿತೆ?

ಅಳಿಯನು ಹೊರಡುವ ದಿನ ಮೀಟರಿನ ಚಿತ್ರಗಳನ್ನು ಫೋನಿನಲ್ಲಿ ತೆಗೆದಿಟ್ಟಿದ್ದನು. ಅವನ್ನು ಎದುರಿಗಿಟ್ಟುಕೊಂಡು ಕಳೆದು ನೋಡಿದೆನು. ಊರಿನ ತಂತಿಯ ಖಾತೆಯಲ್ಲಿ 11 ಯೂನಿಟ್ಟು, ಜನರೇಟರಿನ ಖಾತೆಯಲ್ಲಿ 52, ಒಟ್ಟು 63. ಎಂದರೆ ದಿನಕ್ಕೆ ಎರಡು ಯೂನಿಟ್ಟೂ ಇಲ್ಲ. ಫೋನಿನಲ್ಲಿ ಸಿಕ್ಕಿದ ದೈನಂದಿನ ಪಟ್ಟಿಯಲ್ಲಿಯೂ ಯಾವ ದಿನವೂ ಎರಡನ್ನು ಮೀರಿರಲಿಲ್ಲ. ಏಸಿಯು ರಾತ್ರಿಯೆಲ್ಲ ನಡೆದರೆ ಐದಾರು ಯೂನಿಟ್ಟಾದರೂ ಬೇಕು. ಅಲ್ಲಿಗೆ ಆ ಹೆಂಗಸು ನಿರ್ದೋಷಿಯೆಂಬುದು ಸಿದ್ಧವಾಯಿತು. ಇನ್ನು ಜನರೇಟರಿನ ಪ್ರಶ್ನೆ. ನೆಲಮಾಳಿಗೆಯಲ್ಲಿದ್ದ ಅದರ ದಿನಚರಿ ಪುಸ್ತಕವನ್ನು ಕೇಳಿ ನೋಡಿದೆನು. ಆ 36 ದಿನಗಳಲ್ಲಿ ಅದು ಓಡಿದ್ದು ಕೇವಲ 7 ಗಂಟೆ. ಜನರೇಟರಿನ ಹೊತ್ತಿನಲ್ಲಿ ಪ್ರತಿ ಮನೆಗೂ 2 ಕಿಲೋವ್ಯಾಟಿನ ಮಿತಿಯಿದೆ. ಮನೆಯಲ್ಲಿದ್ದ ಯಂತ್ರಗಳನ್ನೆಲ್ಲ ಒಟ್ಟಿಗೆ ನಡೆಸಿದ್ದರೂ 14 ಯೂನಿಟ್ಟಿಗಿಂತ ಹೆಚ್ಚು ಖರ್ಚಾಗುವುದು ಅಸಾಧ್ಯ. 52 ಎಲ್ಲಿಂದ ಬಂದಿತು?

ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಚಿತ್ರಗಳ ಪ್ರತಿಯನ್ನು ಸೇರಿಸಿ, ಸಮುಚ್ಚಯದ ಕಚೇರಿಯಲ್ಲಿ ಕೊಟ್ಟು, ಸ್ವೀಕೃತಿಯ ಸಹಿ ಪಡೆದೆನು. “ಯಂತ್ರ ಸುಳ್ಳು ಹೇಳುವುದಿಲ್ಲ” ಎಂದರು ಅಲ್ಲಿಯವರು. “ಹೇಳದಿರಬಹುದು, ತಪ್ಪು ಕೇಳಿಸಿಕೊಂಡಿರಬಹುದಲ್ಲ” ಎಂದೆನು. ಮರುದಿನ ವಿದ್ಯುತ್ ಕೆಲಸಗಾರನು ಬಂದು ಪೆಟ್ಟಿಗೆ ತೆರೆದನು. ಜನರೇಟರು ನಡೆಯುತ್ತಿದೆಯೆಂದು ಮೀಟರಿಗೆ ಸೂಚಿಸಲು ಬೇರೊಂದು ತಂತಿಯುಂಟು. ಅದರ ಸ್ವಿಚ್ಚು ಅಂಟಿಕೊಂಡು, ಊರಿನ ವಿದ್ಯುತ್ತು ಬರುತ್ತಿರುವಾಗಲೂ ಸೂಚನೆಯು ನಿಲ್ಲದೆ ಹೋಗುತ್ತಿತ್ತು. ಜನರೇಟರಿನ ಪಾಲಿಗೆ 2 ಯೂನಿಟ್ಟನ್ನು ಬಿಟ್ಟು, ಉಳಿದ 50 ಯೂನಿಟ್ಟಿಗೆ 17 ರೂಪಾಯಿಯಂತೆ 850 ರೂಪಾಯಿ ಮರಳಿ ಖಾತೆಗೆ ಬಂದಿತು. ಅದೇ ಸ್ವಿಚ್ಚಿಗೆ ಸೇರಿದ್ದ ಅಂತಸ್ತಿನ ಇನ್ನು ಮೂರು ಮನೆಗಳವರಿಗೂ ಹಣ ಮರಳಿತು. ತಮಗೆ ನಷ್ಟವಾದುದೇ ಅವರಿಗೆ ತಿಳಿದಿರಲಿಲ್ಲ.

ವಿದ್ಯುತ್ ಕಂಪೆನಿಯಿಂದ ನೇರವಾಗಿ ಸಂಪರ್ಕ ಪಡೆದವರಿಗೆ ಶಾಸನದ ಆಶ್ರಯವೂ ಉಂಟು. 2003ರ ವಿದ್ಯುಚ್ಛಕ್ತಿ ಅಧಿನಿಯಮದ 47ನೆಯ ಪ್ರಕರಣದಂತೆ, ಮುಂಗಡ ಮೀಟರಿಗೆ ಒಪ್ಪಿದವರಿಂದ ಭದ್ರತಾ ಠೇವಣಿಯನ್ನು ಕೇಳುವಂತಿಲ್ಲ. ಬಿಲ್ಲು ಬರುವ ಮನೆಗಳಲ್ಲಿ, ಬಾಕಿಗಾಗಿ ಸಂಪರ್ಕ ಕಡಿಯುವ ಮುನ್ನ 15 ದಿನಗಳ ಲಿಖಿತ ನೋಟೀಸು ಕೊಡಬೇಕೆಂದು 56ನೆಯ ಪ್ರಕರಣವು ವಿಧಿಸುತ್ತದೆ. ಕೇಳಿದ ಮೊತ್ತ, ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಕಡಮೆಯಾದುದನ್ನು ಆಕ್ಷೇಪಣೆಯೊಡನೆ ಕಟ್ಟಿದರೆ ವಿವಾದ ತೀರುವವರೆಗೆ ಸಂಪರ್ಕವನ್ನು ಕಡಿಯಲಾಗದು. ಮೀಟರಿನ ಮೇಲೆ ದೂರು ಬಂದರೆ 30 ದಿನಗಳೊಳಗೆ ಪರೀಕ್ಷಿಸಬೇಕೆಂಬುದು 2020ರ ಗ್ರಾಹಕ ಹಕ್ಕುಗಳ ನಿಯಮ. ದೂರು ಬಂದ ಐದು ದಿನಗಳೊಳಗೆ ಇನ್ನೊಂದು ಮೀಟರನ್ನು ಜೊತೆಗಿಟ್ಟು, ಕಡಮೆಯೆಂದರೆ ಮೂರು ತಿಂಗಳು ತಾಳೆ ನೋಡಬೇಕೆಂದು 2024ರ ತಿದ್ದುಪಡಿಯು ಸೇರಿಸಿತು. ಅಷ್ಟಕ್ಕೂ ಬಗೆಹರಿಯದಿದ್ದರೆ ಕಂಪೆನಿಯ ಗ್ರಾಹಕರ ಕುಂದುಕೊರತೆ ವೇದಿಕೆಯೂ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ನರೂ ಇರುವರು. ಆದರೆ ಎಲ್ಲಿಗೆ ಹೋದರೂ ಮೊದಲು ಕೇಳುವುದು ಒಂದೇ: ಅಂಕೆಗಳೆಲ್ಲಿ? ಆದಕಾರಣ ತಿಂಗಳಿಗೊಮ್ಮೆಯೂ, ಊರಿಗೆ ಹೊರಡುವ ದಿನವೂ, ಬಂದ ದಿನವೂ ಮೀಟರಿನ ಯೂನಿಟ್ಟುಗಳನ್ನು ಬರೆದಿಡಿರಿ. ರೂಪಾಯಿಯನ್ನು ಮಾತ್ರ ನೋಡಿ ನಿಲ್ಲಬೇಡಿರಿ.

ಆ ಸಂಜೆ ಮಗಳು ತಾನಾಗಿಯೇ ಅವಳ ಮನೆಗೆ ಹೋದಳು. ಏನು ಮಾತಾಡಿದರೋ ನಾನು ಕೇಳಲಿಲ್ಲ. ಮರುದಿನ ಬೀಗದಕೈ ಮೇಜಿನ ಮೇಲಿರಲಿಲ್ಲ. ಅವಳ ಸೆರಗಿನ ಗಂಟಿನಲ್ಲಿತ್ತು. ಆದರೂ ವಾರವೊಂದು ಕಳೆಯುವವರೆಗೆ ಅವಳು ನಮ್ಮ ಎದುರಿಗೆ ಸ್ವಿಚ್ಚನ್ನು ಮುಟ್ಟಲಿಲ್ಲ; ಕತ್ತಲೆಯಾದರೆ ಮಗುವನ್ನು ಕರೆದು ದೀಪ ಹಾಕಿಸುತ್ತಿದ್ದಳು. ಹೋದ ಹಣವು ಮೂರೇ ದಿನದಲ್ಲಿ ಮರಳಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಹೇಳಲಿಲ್ಲ.