ದೂರದ ಜ್ಯೋತಿಗಳ ಸ್ಥಾನವೂ ರಕ್ತಪಲ್ಲಟವೂ

ದೂರದ ಜ್ಯೋತಿಯೊಂದನ್ನು ಕುರಿತು ಖಗೋಲಶಾಸ್ತ್ರಜ್ಞರು ಮೊದಲು ಅಳೆಯತಕ್ಕ ಸಂಗತಿಗಳು ಎರಡು. ಅದು ಆಕಾಶದಲ್ಲಿ ಯಾವ ದಿಕ್ಕಿನಲ್ಲಿ ತೋರುವುದೆಂಬುದು ಒಂದು. ಅದರ ವರ್ಣಪಟಲದ ರೇಖೆಗಳು ತಮ್ಮ ಸಹಜವಾದ ಎಡೆಯಿಂದ ಕೆಂಪಿನ ಕಡೆಗೆ ಎಷ್ಟು ಸರಿದಿರುವುವೆಂಬುದು ಮತ್ತೊಂದು. ಈ ಎರಡನೆಯದಕ್ಕೆ ರಕ್ತಪಲ್ಲಟವೆಂದು ಹೆಸರು. ಇವೆರಡೂ ಆ ಜ್ಯೋತಿಯ ಸ್ವಂತ ಗುಣಗಳೆಂದು ಮೇಲುನೋಟಕ್ಕೆ ತೋರುವುದುಂಟು. ಆದರೆ ಸಾಪೇಕ್ಷತಾವಾದದ ಪ್ರಕಾರ ಇವು ಜ್ಯೋತಿಗೂ ನೋಡುವವನಿಗೂ ಇರುವ ಸಂಬಂಧವನ್ನು ತಿಳಿಸುವುವು. ನೋಡುವವನ ಚಲನೆ ಬದಲಾದರೆ ಎರಡೂ ಒಟ್ಟಿಗೆ ಬದಲಾಗುವುವು.

ಸ್ಥಾನದ ಈ ಬದಲಾವಣೆ ಮೊದಲು ವಿಶದವಾದುದು ಇಂಗ್ಲೆಂಡಿನಲ್ಲಿ. ೧೭೨೫ರಲ್ಲಿ ಜೇಮ್ಸ್ ಬ್ರ್ಯಾಡ್ಲಿ, ಸ್ಯಾಮ್ಯುಯೆಲ್ ಮಾಲಿನ್ಯೂ ಎಂಬವರು ಡ್ರೇಕೋ ಪುಂಜದ ಗ್ಯಾಮಾ ತಾರೆಯ ಲಂಬನವನ್ನು, ಎಂದರೆ ಭೂಮಿಯು ಸೂರ್ಯನ ಸುತ್ತ ಎಡೆ ಬದಲಿಸುವುದರಿಂದ ತೋರಬೇಕಾದ ಓಲಾಟವನ್ನು, ಹುಡುಕುತ್ತಿದ್ದರು. ತಾರೆ ಓಲಾಡಿದುದೇನೋ ನಿಜ. ಆದರೆ ಡಿಸೆಂಬರಿನಲ್ಲಿ ದಕ್ಷಿಣದ ಕೊನೆಯನ್ನು ಮುಟ್ಟಬೇಕಾಗಿದ್ದ ಅದು ಮಾರ್ಚಿ ತಿಂಗಳಲ್ಲಿ ಮುಟ್ಟಿತು. ಅದು ಅನುಸರಿಸುತ್ತಿದ್ದುದು ಭೂಮಿಯ ಎಡೆಯನ್ನಲ್ಲ, ಭೂಮಿಯ ವೇಗದ ದಿಕ್ಕನ್ನು ಎಂದು ಬ್ರ್ಯಾಡ್ಲಿ ಕೆಲವು ವರ್ಷಗಳಲ್ಲಿ ನಿರ್ಣಯಿಸಿದರು. ನೆಟ್ಟಗೆ ಸುರಿಯುವ ಮಳೆಯಲ್ಲಿ ಬಿರುಸಾಗಿ ನಡೆವವನು ಕೊಡೆಯನ್ನು ಮುಂದಕ್ಕೆ ಬಾಗಿಸುವಂತೆ, ಭೂಮಿಯ ಮೇಲಿನ ದೂರದರ್ಶಕವನ್ನೂ ಬಾಗಿಸಬೇಕಾಗುವುದು. ಇದೇ ಅಪೇರಣೆ. ಸೆಕೆಂಡಿಗೆ ೩೦ ಕಿಲೋಮೀಟರು ಓಡುವ ಭೂಮಿಯ ವೇಗವು ಬೆಳಕಿನ ವೇಗದ ಹತ್ತು ಸಾವಿರದಲ್ಲೊಂದು ಪಾಲಾದುದರಿಂದ ಬಾಗು ಹೆಚ್ಚೆಂದರೆ ೨೦.೫ ವಿಕಲೆ.

೧೯೦೫ರಲ್ಲಿ ಐನ್‌ಸ್ಟೈನರು ಅಪೇರಣೆಯನ್ನೂ, ಚಲನೆಯಿಂದ ಬಣ್ಣ ಪಲ್ಲಟಿಸುವ ಡಾಪ್ಲರ್ ಪರಿಣಾಮವನ್ನೂ ಒಂದೇ ತತ್ತ್ವದಿಂದ ಸಾಧಿಸಿದರು. ಬೆಳಕಿನ ಅರ್ಧವೇಗದಿಂದ ಓಡುವವನೊಬ್ಬನನ್ನು ಊಹಿಸಬಹುದು. ತಾರೆಗಳೊಡನೆ ನಿಂತವನಿಗೆ ಆ ಓಟದ ದಿಕ್ಕಿನಿಂದ ೯೦ ಅಂಶದಲ್ಲಿ ಕಾಣುವ ತಾರೆ ಓಡುವವನಿಗೆ ೬೦ ಅಂಶದಲ್ಲಿ ಕಾಣುವುದು. ಅದರ ಬೆಳಕು ನೀಲಿಯ ಕಡೆಗೆ ಸರಿಯುವುದು. ಓಡುವವನಿಗೇ ೯೦ ಅಂಶದಲ್ಲಿ ಕಾಣುವ ತಾರೆಯ ಬೆಳಕಾದರೋ ಕೆಂಪಿನ ಕಡೆಗೆ ಸರಿಯುವುದು. ಆದಕಾರಣ ಸ್ಥಾನವನ್ನು ಬಿಟ್ಟು ಪಲ್ಲಟವನ್ನು ಹೇಳಲಾಗದು. ಚಲಿಸುವ ಗಡಿಯಾರದ ಮಂದಗತಿಯಿಂದುಂಟಾಗುವ ಪಲ್ಲಟವನ್ನು ೧೯೩೮ರಲ್ಲಿ ಐವ್ಸ್ ಮತ್ತು ಸ್ಟಿಲ್ವೆಲ್ ಎಂಬವರು ಜಲಜನಕದ ಕಿರಣಗಳಲ್ಲಿ ಪರೀಕ್ಷಿಸಿ ದೃಢಪಡಿಸಿದರು.

ಒಂದೇ ಸಮನಾದ ಚಲನೆಯಿಂದಾಗುವ ಬಾಗು ಎಂದಿಗೂ ಅಷ್ಟೇ ಇರುವುದರಿಂದ, ತಾರೆಯೊಂದನ್ನು ಮತ್ತೆ ಮತ್ತೆ ನೋಡಿ ಅದನ್ನು ಗುರುತಿಸಲಾಗದು. ಚಲನೆ ಬದಲಾದಾಗಲೇ ಅದು ಪ್ರಕಟವಾಗುವುದು. ಸೂರ್ಯನೂ ಆಕಾಶಗಂಗೆಯ ಕೇಂದ್ರವನ್ನು ಸುತ್ತುತ್ತಿರುವುದರಿಂದ ಅವನ ವೇಗದ ದಿಕ್ಕು ಮೆಲ್ಲಮೆಲ್ಲನೆ ತಿರುಗುತ್ತಿದೆ. ಆದುದರಿಂದ ಅತಿದೂರದ ಕ್ವೇಸಾರುಗಳೆಲ್ಲವೂ ಆ ಕೇಂದ್ರದ ಕಡೆಗೆ ಹರಿಯುವಂತೆ ತೋರಬೇಕು. ೨೦೧೩ರಲ್ಲಿ ಯುರೋಪಿನವರು ಹಾರಿಸಿದ ಗಾಯಾ ಎಂಬ ಉಪಗ್ರಹದ ಅಳತೆಗಳಲ್ಲಿ ಈ ಹರಿವು ಸ್ಪಷ್ಟವಾಗಿ ಕಂಡುಬಂದಿತು. ಅದರ ಪ್ರಮಾಣ ವರ್ಷಕ್ಕೆ ಒಂದು ವಿಕಲೆಯ ಹತ್ತು ಲಕ್ಷ ಭಾಗಗಳಲ್ಲಿ ಐದು. ಕ್ವೇಸಾರುಗಳು ಸರಿದುದಿಲ್ಲ, ಸರಿದುದು ನೋಡುವವನ ವೇಗ.

ಇದರ ಪ್ರಯೋಜನವು ರಕ್ತಪಲ್ಲಟದ ವಿಚಾರದಲ್ಲಿ ತೋರುವುದು. ದೂರದ ಗೆಲಾಕ್ಸಿಗಳ ರಕ್ತಪಲ್ಲಟಕ್ಕೆ ಮುಖ್ಯ ಕಾರಣ, ಬೆಳಕು ದಾರಿಯಲ್ಲಿರುವಾಗಲೇ ವಿಶ್ವವು ಹಿಗ್ಗುವುದು. ಹಿಗ್ಗುವ ದರ ಕಾಲಕ್ರಮದಲ್ಲಿ ಮಾರ್ಪಡುವುದರಿಂದ ರಕ್ತಪಲ್ಲಟವೂ ಮಾರ್ಪಡಬೇಕೆಂದು ೧೯೬೨ರಲ್ಲಿ ಅಲನ್ ಸ್ಯಾಂಡೇಜರು ತೋರಿಸಿದರು. ಈ ಮಾರ್ಪಾಟು ವರ್ಷವೊಂದಕ್ಕೆ, ವೇಗದ ಲೆಕ್ಕದಲ್ಲಿ, ಸೆಕೆಂಡಿಗೆ ಒಂದು ಸೆಂಟಿಮೀಟರಿನ ಆಸುಪಾಸಿನದು. ಇದುವರೆಗೆ ಅಳತೆಗೆ ಸಿಕ್ಕಿಲ್ಲ. ಸೂರ್ಯನ ವೇಗವಾದರೂ ಆಕಾಶಗಂಗೆಯ ಸೆಳೆತದಿಂದ ವರ್ಷಕ್ಕೆ ಸೆಕೆಂಡಿಗೆ ೦.೭ ಸೆಂಟಿಮೀಟರಿನಷ್ಟು ಬದಲಾಗುತ್ತಿದೆ. ಎರಡೂ ಹೆಚ್ಚುಕಡಮೆ ಸಮಾನವಾದುವು. ಸೂರ್ಯನ ಪಾಲನ್ನು ಕಳೆಯದೆ ವಿಶ್ವದ ಪಾಲನ್ನು ಅರಿಯುವಂತಿಲ್ಲ. ಕಳೆಯಬೇಕಾದ ಮೊತ್ತವನ್ನು ತಿಳಿಸುವುದು ಕ್ವೇಸಾರುಗಳ ಆ ಸ್ಥಾನಚಲನೆಯೇ. ಹೀಗೆ ಜ್ಯೋತಿಯ ಸ್ಥಾನವು ಅದರ ಪಲ್ಲಟವನ್ನು ಓದುವುದಕ್ಕೆ ಕೀಲಿಯಾಗುವುದು. ನೋಡುವವನು ತನ್ನನ್ನು ಲೆಕ್ಕಕ್ಕೆ ತಂದುಕೊಂಡ ಮೇಲೆಯೇ ನೋಡಲ್ಪಡುವ ವಸ್ತುವಿನ ನಿಜವು ತಿಳಿಯಬರುವುದು.